ಬಿಳಿಚಿದ ಉಂಗುರ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಒಂದು ಪುಟ್ಟ ಡಬ್ಬಿ ಇಟ್ಟಳು. ಒಳಗೆ ಅಂಗಿಯ ಗುಂಡಿಗಳಿದ್ದವು.

"ನಮ್ಮಕ್ಕ ಆಸ್ಪತ್ರೆಲಿದಾಳೆ ಸಾರ್. ಮೈಯೆಲ್ಲ ಊದಿಕೊಂಡಿದೆ, ಕಿಡ್ನಿ ಕೆಡ್ತಾ ಇದೆಯಂತೆ. ಮುಖಕ್ಕೆ ಹಚ್ಚಿದ ಈ ಕ್ರೀಮೇ ಕಾರಣ ಇರಬೇಕು ಅಂತಾರೆ ಡಾಕ್ಟ್ರು. ಅದರಲ್ಲಿ ಏನಿತ್ತು ಅಂತ ಬೇಗ ಗೊತ್ತಾದ್ರೆ ಉಳಿಸಿಕೊಳ್ಳಬಹುದಂತೆ."

"ಕ್ರೀಮ್ ಎಲ್ಲಿ?"

"ಮುಗಿದಿತ್ತು. ಒಳ್ಳೆ ಡಬ್ಬಿ ಯಾಕೆ ಬಿಸಾಕೋದು ಅಂತ ಸೋಪು ಹಾಕಿ ತಿಕ್ಕಿ ತೊಳೆದು, ಗುಂಡಿ ತುಂಬಿಟ್ಟೆ."

ಪಕ್ಕದಲ್ಲಿದ್ದ ಮಹಿಳಾ ದಫೇದಾರ್ ಹಣೆ ಚಚ್ಚಿಕೊಂಡರು. ಸಾಕ್ಷ್ಯವನ್ನು ಇಷ್ಟು ಚೊಕ್ಕಟವಾಗಿ ತೊಳೆದು ತಂದ ದೂರುದಾರರನ್ನು ಅವರು ಕಂಡಿರಲಿಲ್ಲ.

ಡಬ್ಬಿಯ ಮೇಲಿನ ಚೀಟಿ ಮಾತ್ರ ಉಳಿದಿತ್ತು. ಶುದ್ಧ ಗಿಡಮೂಲಿಕೆ, ಯಾವ ಅಡ್ಡಪರಿಣಾಮವೂ ಇಲ್ಲ, ಏಳೇ ದಿನದಲ್ಲಿ ಬಿಳುಪು! ತಯಾರಕರ ವಿಳಾಸವಿಲ್ಲ, ಬ್ಯಾಚ್ ಸಂಖ್ಯೆಯಿಲ್ಲ, ಒಳಗೆ ಏನೇನು ಹಾಕಿದೆ ಎಂಬ ವಿವರವೂ ಇಲ್ಲ. ಭರವಸೆಗೇನೂ ಜಾಗದ ಬರ ಇರಲಿಲ್ಲ.

"ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಾನು ಬಡಕೊಂಡೆ, ಕೇಳಲಿಲ್ಲ ಅವಳು," ಎಂದು ತಂಗಿ ಕಣ್ಣೊರೆಸಿಕೊಂಡಳು. ಎಫ್‌ಐಆರ್ ದಾಖಲಾಯಿತು.

ಕ್ರೀಮ್ ಮಾರಿದ್ದು ಮಾರ್ಕೆಟ್ ಹಿಂದಿನ ಬ್ಯೂಟಿ ಪಾರ್ಲರ್. ಅದರ ಒಡತಿಗೆ ಗಿರಾಕಿಗಳು ಇಟ್ಟ ಹೆಸರು ಮಿಂಚಕ್ಕ. ಎರಡು ಕುರ್ಚಿ, ಒಂದು ಫ್ಯಾನು, ಹಿಂದೆ ಪರದೆ ಎಳೆದ ಕೋಣೆ.

"ಕ್ರೀಮ್ ಯಾರು ಮಾಡೋದು?" ಇನ್‌ಸ್ಪೆಕ್ಟರ್ ಕೇಳಿದರು.

"ಕಂಪನಿಯವರು. ಸೀಲ್ ಆಗಿ ಬರುತ್ತೆ. ನಾನು ಮುಚ್ಚಳಾನೂ ತೆಗೆಯಲ್ಲ."

"ಯಾವ ಕಂಪನಿ?"

"ಏಜೆಂಟ್ ತಂದುಕೊಡ್ತಾನೆ. ಅವನ ನಂಬರ್ ಕಳೆದುಹೋಗಿದೆ."

ಉತ್ತರಗಳು ಪಟಪಟನೆ ಬಂದವು, ಒಂದಕ್ಕೂ ಬುಡವಿರಲಿಲ್ಲ. ದಫೇದಾರ್ ಕಣ್ಣು ಅವಳ ಬಲಗೈ ಮೇಲಿತ್ತು. ಬಳೆಗಳು ಹಳದಿಯಾಗಿದ್ದವು. ತೋರುಬೆರಳಿನ ಉಂಗುರ ಮಾತ್ರ ತಗಡಿನಂತೆ ಬಿಳಿಚಿಕೊಂಡಿತ್ತು.

"ಉಂಗುರ ಬೆಳ್ಳೀದೇನಕ್ಕ? ಚೆನ್ನಾಗಿದೆ."

ಮಿಂಚಕ್ಕನಿಗೆ ರೇಗಿತು. "ಬೆಳ್ಳಿನಾ? ಅಪ್ಪಟ ಚಿನ್ನ ಕಣ್ರೀ! ನಮ್ಮಮ್ಮ ಕೊಟ್ಟಿದ್ದು."

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ. ಸುಮ್ಮನೆ ಹೂಂ ಅಂದುಬಿಟ್ಟಿದ್ದರೆ ಅವತ್ತಿನ ಮಟ್ಟಿಗಾದರೂ ಪಾರಾಗುತ್ತಿದ್ದಳೋ ಏನೋ. ಆದರೆ ತನ್ನ ಚಿನ್ನವನ್ನು ಬೆಳ್ಳಿ ಅನ್ನಿಸಿಕೊಳ್ಳುವ ಹೆಂಗಸಲ್ಲ ಅವಳು.

"ಒಡವೆ ವಂಚನೆ ಕೇಸೊಂದರಲ್ಲಿ ಇಂಥದ್ದೇ ನೋಡಿದೀನಿ ಸಾರ್," ಎಂದರು ದಫೇದಾರ್. "ಪಾದರಸ ತಾಗಿದ್ರೆ ಚಿನ್ನ ಹೀಗೆ ಬಿಳಿಚುತ್ತೆ. ಮುಚ್ಚಳಾನೂ ತೆಗೆಯದ ಕೈಗೆ ಅದು ಎಲ್ಲಿಂದ ಬಂತಕ್ಕ?"

ಮಿಂಚಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಇನ್‌ಸ್ಪೆಕ್ಟರ್ ಆಗಲೇ ಆಸ್ಪತ್ರೆಗೆ ಫೋನ್ ಹಚ್ಚಿದ್ದರು. "ಡಾಕ್ಟ್ರೆ, ಪಾದರಸ ಇರಬಹುದು, ಮೊದಲು ಅದನ್ನೇ ಪರೀಕ್ಷೆ ಮಾಡಿ."

ಪಕ್ಕದ ಇಸ್ತ್ರಿ ಅಂಗಡಿಯವನನ್ನೂ ಎದುರಿನ ಚಪ್ಪಲಿ ಅಂಗಡಿಯವನನ್ನೂ ಪಂಚರಾಗಿ ಕರೆದು ಪಂಚನಾಮೆ ಮಾಡಲಾಯಿತು. ಪರದೆಯ ಹಿಂದೆ ಒಂದು ಟಬ್ ತುಂಬ ಸಾದಾ ಕ್ರೀಮ್, ಹೆಸರಿಲ್ಲದ ಪೊಟ್ಟಣದಲ್ಲಿ ಬಿಳಿ ಪುಡಿ, ಖಾಲಿ ಡಬ್ಬಿಗಳು, ಅದೇ ಚೀಟಿಗಳ ಒಂದು ಸುರುಳಿ ಸಿಕ್ಕವು. ಮಾದರಿಗಳಿಗೆ ಅರಗಿನ ಮುದ್ರೆ ಬಿತ್ತು. ಮಿಂಚಕ್ಕನ ಬಂಧನವಾಯಿತು.

ಮರುದಿನ ಡಾಕ್ಟರ ಫೋನ್ ಬಂತು. ಪಾದರಸವೇ, ಔಷಧಿ ಶುರುವಾಗಿದೆ, ಬದುಕುತ್ತಾಳೆ. ವರಾಂಡದ ಬೆಂಚಿನಲ್ಲಿ ಕೂತಿದ್ದ ತಂಗಿ ಯಾರಿದ್ದಾರೆ ಎಂದೂ ನೋಡದೆ ಗೊಳೋ ಎಂದು ಅತ್ತಳು. ಸಂತೋಷಕ್ಕೆ ಅತ್ತದ್ದು ಅದು.

ಒಳಗೆ ವಿಚಾರಣೆ ನಡೆದಿತ್ತು.

"ಪುಡಿ ಅಪಾಯದ್ದು ಅಂತ ಗೊತ್ತಿತ್ತಾ?"

"ಮಾರಿದವನು ಗವಸು ಹಾಕ್ಕೊಂಡು ಕಲಸು ಅಂದಿದ್ದ. ಗವಸಿದ್ರೆ ಹದ ತಿಳಿಯಲ್ಲ ಅಂತ ಬರಿಗೈಲೇ ಕಲಸಿದೆ."

"ಕೈಗೇ ಗವಸು ಬೇಕಾದ್ರೆ, ಮುಖಕ್ಕೆ ಹಚ್ಚೋರ ಗತಿ?"

ಮಿಂಚಕ್ಕ ತಿರುಗಿ ಕೇಳಿದಳು. "ಆಸ್ಪತ್ರೆಲಿರೋರು ಎಷ್ಟು ದಿನ ಹಚ್ಚಿದ್ರು ಸಾರ್?"

"ಮೂರು ತಿಂಗಳು. ಯಾಕೆ?"

"ನನ್ನ ಮಗಳು ವರ್ಷದಿಂದ ಹಚ್ತಿದಾಳೆ."

ಇನ್‌ಸ್ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದರು.

"ಶಾಲೆಲಿ ಅವಳನ್ನ ಇದ್ದಿಲು ಅಂತ ಕರೀತಿದ್ರು. ಕನ್ನಡಿ ಕಡೆ ಮುಖಾನೇ ಹಾಕ್ತಿರಲಿಲ್ಲ ಮಗು. ಮೊದಲನೇ ಡಬ್ಬಿ ಅವಳಿಗೇ ಅಂತ ಕಲಸಿದ್ದು. ಹಚ್ಚಿಕೊಂಡು ಒಂದು ದಿನ ಕನ್ನಡಿ ಮುಂದೆ ನಿಂತು ನಕ್ಕಳು. ಅದನ್ನ ನೋಡಿ ಎಲ್ಲರಿಗೂ ಮಾರಿದೆ. ಈಗೀಗ ಬೆಳಿಗ್ಗೆ ಎದ್ದಾಗ ಕಣ್ಣು ಊದಿರುತ್ತೆ ಸಾರ್. ನಿದ್ದೆ ಜಾಸ್ತಿ ಆಯ್ತು, ಸೋಮಾರಿ ಅಂತ ನಾನು ಬೈತಿದ್ದೆ."

"ಮಗಳು ಈಗ ಎಲ್ಲಿ?"

"ಮನೇಲಿ. ಒಬ್ಬಳೇ."

ದಫೇದಾರ್ ಜೀಪಿನ ಕೀಲಿ ಎತ್ತಿಕೊಂಡು ಆಗಲೇ ಮೆಟ್ಟಿಲಿಳಿಯುತ್ತಿದ್ದರು.