ಐದು ಗಂಟೆಯೊಳಗೆ ನಾನೂರ ಹನ್ನೆರಡು ಪಾಠ

"ಮುಟ್ಟಬೇಡಿ ಅದನ್ನ!"

ಮೇಘಶ್ರೀ ಕೂಗಿದ ರಭಸಕ್ಕೆ, ಕೀಬೋರ್ಡಿನ ಮೇಲಿದ್ದ ಆ ಅಪರಿಚಿತನ ಬೆರಳುಗಳು ಹಾಗೇ ನಿಂತುಬಿಟ್ಟವು. ಅವನು ತಿರುಗಿ ನೋಡಿದ. ಬೈಸಿಕೊಂಡವನ ಮುಖದಲ್ಲಿ ಸಿಟ್ಟಿರಬೇಕಿತ್ತು. ಇವನ ಮುಖದಲ್ಲಿ ಬೆರಗು!

"ನೀವು... ಮೇಘಶ್ರೀ ಅವರಾ?"

"ಹೌದು. ನೀವ್ಯಾರು?"

"ಸುಮನ್. ಕಂಪ್ಯೂಟರ್ ಗೊತ್ತಿರೋರು ಬೇಕು ಅಂತ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರಲ್ಲ... ಬೇಗೂರಿಂದ ಬಂದೆ. ಬಾಗಿಲು ತೆಗೆದಿತ್ತು."

ಮೇಘಶ್ರೀಗೆ ನಾಚಿಕೆಯಾಯಿತು. ಆದರೆ ನಾಚಿಕೆಪಡಲೂ ಪುರುಸೊತ್ತಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಆಗಲೇ ಮೂರೂ ಮುಕ್ಕಾಲು.

ಜಯನಗರ ನಾಲ್ಕನೇ ಬ್ಲಾಕಿನ ಆ ಮಹಡಿ ಕೋಣೆಯಲ್ಲಿ ಸಂಸ್ಥೆಯೊಂದರ ಸ್ವಯಂಸೇವಕರು ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತಿದ್ದರು. ಹತ್ತನೇ ತರಗತಿಯ ನಾನೂರ ಹನ್ನೆರಡು ಪಾಠಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೇಘಶ್ರೀಯ ದನಿಯಲ್ಲೇ ಇದ್ದವು. ಎಲ್ಲವೂ ಇದ್ದದ್ದು ಕ್ಲೌಡಿನಲ್ಲಿ. ಪುಕ್ಕಟೆ ಜಾಗ ಕೊಟ್ಟಿದ್ದ ಕಂಪನಿ ಇವತ್ತು ಸಂಜೆ ಐದಕ್ಕೆ ಎಲ್ಲವನ್ನೂ ಅಳಿಸುತ್ತದಂತೆ! ನೋಟಿಸು ಮೂರು ಸಲ ಬಂದಿತ್ತು, ಮೊದಲು ಇಲ್ಲಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದು, ಈಗ ಊರು ಬಿಟ್ಟು ಹೋದ ಭಾರ್ಗವ ಸಾರ್ ಅವರ ಈಮೇಲಿಗೆ. ಪರೀಕ್ಷೆ ಸೋಮವಾರ.

"ಬ್ರೌಸರಲ್ಲಿ ಇಳಿಸಿದ್ರೆ ಅರ್ಧಕ್ಕೇ ನಿಲ್ತಿದೆ. ಬೆಳಗ್ಗೆಯಿಂದ ನಾಲ್ಕು ಸಲ!" ಅವಳು ಪರದೆಯತ್ತ ಬೆರಳು ಮಾಡಿದಳು.

"ಕಮಾಂಡ್ ಲೈನಲ್ಲಿ, ಆಜ್ಞೆ ಟೈಪ್ ಮಾಡಿ ಇಳಿಸೋಣ. ನಿಂತ್ರೂ, ನಿಂತ ಕಡೆಯಿಂದಾನೇ ಶುರುವಾಗುತ್ತೆ."

"ಭಾರ್ಗವ ಸಾರ್ ಏನೋ ಚೀಟಿ ಬರೆದಿಟ್ಟಿದ್ರು, ನೋಡಿ."

ಕಪ್ಪು ಪರದೆ ತೆರೆಯಿತು. ಸುಮನ್ ಚೀಟಿ ನೋಡುತ್ತಾ ಒಂದು ಸಾಲು ಟೈಪಿಸಿ ಎಂಟರ್ ಒತ್ತಿದ. ಬಿಳಿ ಅಕ್ಷರಗಳು ಸರಸರನೆ ಮೇಲಕ್ಕೋಡಿದವು. ಮೇಘಶ್ರೀ ಬಗ್ಗಿ ನೋಡಿದಳು.

ಡಿಲೀಟ್... ಡಿಲೀಟ್... ಡಿಲೀಟ್...

ಅವು ಹಾರ್ಡ್ ಡಿಸ್ಕಿನಲ್ಲಿದ್ದ ಒಂಬತ್ತನೇ ತರಗತಿಯ ಹಳೆಯ ಪಾಠಗಳ ಹೆಸರುಗಳು. ತೀರಿಹೋದ ಸಿದ್ದಗಂಗಮ್ಮ ಟೀಚರ್ ಓದಿದ್ದು!

ಹಿಂದೆಮುಂದೆ ನೋಡದೆ ಅವಳು ಗೋಡೆಯಿಂದ ಪ್ಲಗ್ ಕಿತ್ತೇಬಿಟ್ಟಳು.

"ಎಲ್ಲಾ ಅಳಿಸಿಬಿಟ್ರಲ್ಲಾ! ಗೊತ್ತಿಲ್ದೆ ಇದ್ರೆ ಯಾಕ್ರೀ ಬಂದ್ರಿ?"

ಸುಮನ್ ಮೆಲ್ಲಗೆ ಹೇಳಿದ, "ಏನೂ ಅಳಿಸಿಲ್ಲ ಮೇಡಂ. ಅದು ಬರೀ ರಿಹರ್ಸಲ್. ಚೀಟಿಯಲ್ಲಿ ಸಿಂಕ್ ಅಂತಿತ್ತು. ಸಿಂಕ್ ಅಂದ್ರೆ ಕ್ಲೌಡಲ್ಲಿ ಇಲ್ದೇ ಇರೋದನ್ನ ಡಿಸ್ಕಿಂದಾನೂ ತೆಗೆದುಹಾಕುತ್ತೆ. ಅನುಮಾನ ಬಂತು, ಅದಕ್ಕೇ ಏನೇನು ಹೋಗ್ತಿತ್ತು ಅಂತ ಮೊದ್ಲು ನೋಡ್ತಿದ್ದೆ. ಕಾಪಿ ಅಂತ ಕೊಟ್ರೆ ಏನೂ ಆಗಲ್ಲ."

ಮೇಘಶ್ರೀಯ ಕೈಯಲ್ಲಿ ಪ್ಲಗ್ ಇನ್ನೂ ಹಾಗೇ ಇತ್ತು. ದುಡುಕಿದ್ದು ತಾನೇ! ಆ ಮುದಿ ಕಂಪ್ಯೂಟರ್ ಮತ್ತೆ ಕಣ್ಣು ಬಿಡಲು ಹದಿನೈದು ನಿಮಿಷ ತಿಂದಿತು. ಡೌನ್‌ಲೋಡ್ ಶುರುವಾದಾಗ ನಾಲ್ಕೂ ಹತ್ತು. ಪರದೆಯಲ್ಲಿ ಬೇಕಾದ ಸಮಯ ಒಂದೂ ಕಾಲು ಗಂಟೆ.

"ಸಾಲಲ್ಲ ಅಲ್ವಾ?" ಅವಳ ಕಣ್ಣು ತುಂಬಿತು.

"ನಿಮ್ಮ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ. ಅರ್ಧ ನನ್ನ ಲ್ಯಾಪ್‌ಟಾಪಿಗೆ ಇಳಿಸ್ತೀನಿ. ಯಾವ ಪರೀಕ್ಷೆ ಮೊದ್ಲು?"

"ಕನ್ನಡ. ಆಮೇಲೆ ಸಮಾಜ. ಕೊನೆಗೆ ವಿಜ್ಞಾನ."

ಅವನು ಅದೇ ಕ್ರಮದಲ್ಲಿ ಸಾಲು ಹಚ್ಚಿದ. ಇನ್ನು ಮಾಡುವುದೇನೂ ಇರಲಿಲ್ಲ, ಕಾಯುವುದಷ್ಟೇ. ಮೇಘಶ್ರೀಗೆ ಗಾಬರಿಯಾದರೆ ಬಾಯಿ ನಿಲ್ಲುವುದಿಲ್ಲ.

"ಎಷ್ಟು ಕಷ್ಟಪಟ್ಟಿದೀನಿ ಗೊತ್ತಾ? ನಮ್ಮ ರೆಕಾರ್ಡಿಂಗ್ ತಿದ್ದೋ ಎಡಿಟರ್ ಒಬ್ರು ಇದಾರೆ, ಮುಖ ನೋಡಿಲ್ಲ, ಹೆಸರೂ ಗೊತ್ತಿಲ್ಲ. ಪಾಠಗಳ ಪಟ್ಟಿ ಇರೋ ಆನ್‌ಲೈನ್ ಶೀಟಲ್ಲಿ 'ಮತ್ತೆ ಓದಿ' ಅಂತಷ್ಟೇ ಬರೀತಾರೆ. ಒಂದು ಪಾಠ ಐದು ಸಲ ವಾಪಸ್! ಕಲ್ಲು ಮನುಷ್ಯ!"

ಸುಮನ್ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಆ ಕಲ್ಲು ನಾನೇ."

ಮೇಘಶ್ರೀ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ತಪ್ಪಾದಾಗ ನೀವು ಚಪ್ಪಾಳೆ ತಟ್ತೀರಲ್ಲ, ಎಲ್ಲಿ ಕತ್ತರಿಸ್ಬೇಕು ಅಂತ ನನಗೆ ಗೊತ್ತಾಗ್ಲಿ ಅಂತ. ತಟ್ಟಿ ನಿಮ್ಮನ್ನ ನೀವೇ ಬೈಕೋತೀರ. ಒಂದ್ಸಲ ಹಸಿವು ಅಂದ್ರಿ. ಒಂದ್ಸಲ... ಅತ್ರಿ. ಎರಡು ವರ್ಷ ಅದನ್ನೆಲ್ಲಾ ಕತ್ತರಿಸಿದೀನಿ. ಒಂದನ್ನೂ ಮರೆಯೋಕಾಗಿಲ್ಲ."

ತಾನು ಅತ್ತದ್ದನ್ನು ಕೇಳಿದವನೊಬ್ಬನಿದ್ದ! ಅಪ್ಪ ಆಸ್ಪತ್ರೆಯಲ್ಲಿದ್ದ ದಿನ ಅದು. ಆ ವಾರ ಶೀಟಿನಲ್ಲಿ 'ಮತ್ತೆ ಓದಿ' ಎಂಬ ಮಾತು ಒಂದೂ ಇರಲಿಲ್ಲವೆಂಬುದು ಅವಳಿಗೆ ಈಗ ಹೊಳೆಯಿತು. ಮೇಘಶ್ರೀಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಹೇಳ್ಬಹುದಿತ್ತಲ್ಲ..."

"ಭಯ ಆಯ್ತು. ಆ ಶೀಟಲ್ಲಿ ಏನಂತ ಬರೀಲಿ?"

ನಾಲ್ಕೂ ಐವತ್ತು. ಹನ್ನೆರಡು ಬಾಕಿ... ನಾಲ್ಕೂ ಐವತ್ತಾರು. ನಾಲ್ಕು ಬಾಕಿ... ಅವಳು ತನಗರಿವಿಲ್ಲದೆ ಅವನ ತೋಳು ಹಿಡಿದಿದ್ದಳು. ಅವನು ಅಲ್ಲಾಡಲಿಲ್ಲ.

ಐದು.

ಪರದೆಯಲ್ಲಿ ಒಂದು ಕೆಂಪು ಸಾಲು ಮೂಡಿತು. ನಾನೂರ ಹನ್ನೊಂದು ಬಂದಿದ್ದವು. ಮೇಘಶ್ರೀ ಓದಿದ್ದ ವಿಜ್ಞಾನದ ಕೊನೆಯ ಪಾಠ ಬಂದಿರಲಿಲ್ಲ.

"ನಿಮ್ಮತ್ರ ಕಾಪಿ ಇಲ್ವಾ?"

"ಎಡಿಟ್ ಮುಗಿದ್ಮೇಲೆ ಇಟ್ಕೋಬಾರದು ಅಂತ ಸಂಸ್ಥೆ ರೂಲು. ಇಟ್ಕೊಂಡಿಲ್ಲ."

"ನನ್ನಿಂದಾನೇ ಹೋಯ್ತು. ಆ ಪ್ಲಗ್ ಕೀಳದೇ ಇದ್ದಿದ್ರೆ..." ಮೇಘಶ್ರೀ ಬಿಕ್ಕಿದಳು.

"ವಿಜ್ಞಾನಕ್ಕೆ ಇನ್ನೂ ಎಂಟು ದಿನ ಇದೆ. ನಾಳೆ ಓದಿ." ಸುಮನ್ ತಡವರಿಸಿದ. "ನಿಜ ಹೇಳ್ಲಾ? ಅದೊಂದು ಹೋಗಿದ್ದು ನನಗೆ ಬೇಜಾರೇ ಆಗ್ತಿಲ್ಲ. ಬೈಬೇಡಿ."

"ಯಾಕೆ?"

"ಈ ಸಲ ಎದುರಿಗೆ ಕೂತು ಕೇಳ್ಬಹುದು. ನಿಮಗೆ ಇಷ್ಟ ಇದ್ರೆ."

ಮೇಘಶ್ರೀ ಕಣ್ಣೊರೆಸಿಕೊಂಡಳು.

"ನೀವು ನೋಡ್ತಾ ಕೂತ್ರೆ ಬರೀ ತಪ್ಪೇ ಓದ್ತೀನಿ."

"ಓದಿ. ನಾನು ಯಾವುದನ್ನೂ ಕತ್ತರಿಸಲ್ಲ."

"ಪಾಠ ಮುಗಿಯೋದೇ ಇಲ್ಲ ಆಮೇಲೆ..."

"ಮುಗೀದೇ ಇರ್ಲಿ ಅಂತಾನೇ."

"ಹಾಗಾದ್ರೆ ಬೆಳಗ್ಗೆ ಒಂಬತ್ತಕ್ಕೆ ಬಂದ್ಬಿಡು ಸುಮನ್," ಅಂದಳು ಮೇಘಶ್ರೀ.