ವಿನ್ಲೇ ಕಣಿವೆಯ ಮಂಜುಹೀರಕ

ಅಂದು ಬೆಳಗ್ಗೆ ವಿನ್ಲೇ ಕಣಿವೆಯಲ್ಲಿ ಹೆಸರಿಗೂ ಮಂಜಿರಲಿಲ್ಲ. ಇಂಗ್ಲೆಂಡಿನ ಆ ಮೂಲೆಯಲ್ಲಿ ಅಕ್ಟೋಬರ್ ಬಂತೆಂದರೆ ಹೊಳೆ, ಸೇತುವೆ, ಕುರಿಹಿಂಡು, ಚರ್ಚಿನ ಗೋಪುರ ಎಲ್ಲವೂ ಮಂಜಿನ ಮುಸುಕಿನೊಳಗೇ ಕಣ್ಣು ಬಿಡುವುದು ವಾಡಿಕೆ. ಈಗ ಹೊಳೆದಂಡೆಯಲ್ಲಿ ‘ಮಂಜುಹೀರಕ’ ಗುಂಯ್‌ಗುಡುತ್ತ ನಿಂತಿತ್ತು. ಮಂಜೆಂದರೆ ತೇಲುವ ನೀರಹನಿಗಳೇ ತಾನೆ? ಯಂತ್ರದ ಕಂಪನಕ್ಕೆ ಅವು ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ಯಂತ್ರದ ಕೆಳಗಿನ ತೊಟ್ಟಿಗೆ ಇಳಿಯುತ್ತಿದ್ದವು. ದೂರದಿಂದ ಬಂದ ಪ್ರವಾಸಿಗರಿಗೆ ಕಣಿವೆಯ ಚೆಲುವು ಕಾಣಲೆಂದು ಊರಿನವರೇ ಅದನ್ನು ಕೇಳಿ ಹಾಕಿಸಿಕೊಂಡಿದ್ದರು.

ಯಂತ್ರ ಕಟ್ಟಿದ ವಿಜ್ಞಾನಿ ಸುಧನ್ವ, ಸೇತುವೆಯ ಬಳಿ ಚಹಾದಂಗಡಿ ಇಟ್ಟಿದ್ದ ತುಂಗಮ್ಮನ ಅಕ್ಕನ ಮಗ.

“ಏನ್ ಚಿಕ್ಕಮ್ಮ, ಮುಖ ಊದಿಸ್ಕೊಂಡಿದೀಯ? ಹೊಳೆ ನೋಡು, ಹೆಂಗೆ ಫಳಫಳ ಅಂತಿದೆ!”

“ಹೊಳೆ ಕಾಣುತ್ತಪ್ಪ. ಆ ಮೂಲೇಲಿ ಕೂತಿರೋರು ನಿನ್ ಕಣ್ಣಿಗೆ ಬೀಳ್ತಾರಾ?”

ಅಂಗಡಿಯ ಮೂಲೆಯಲ್ಲಿದ್ದವರು ವಿಲ್ಫ್ರೆಡ್ ಮತ್ತು ಅಂಬ್ರೋಸ್, ಬಾಲ್ಯದ ಗೆಳೆಯರು. ವಿಲ್ಫ್ರೆಡ್‌ನ ಹೆಂಡತಿ ಹಿಲ್ಡಾ ಈಚೆಗೆ ತೀರಿಕೊಂಡಿದ್ದಳು. ಸಮಾಧಾನ ಹೇಳಲೆಂದು ಅಂಬ್ರೋಸ್ ಬಾಯಿ ತೆರೆಯುತ್ತಿದ್ದ, ಕಿಟಕಿಯತ್ತ ನೋಡುತ್ತಿದ್ದ, ಹೊಂಬಿಸಿಲು ಕಂಡು ಬಾಯಿ ಮುಚ್ಚುತ್ತಿದ್ದ. ವಿಲ್ಫ್ರೆಡ್ ಚಹಾ ಮುಟ್ಟದೆ ಎದ್ದು ಹೋದ.

“ದಿನಾ ಹೀಗೇ ಕಣೋ. ಊಟ ಬಿಟ್ಟಿದಾನೆ. ಒಳಗಿರೋದು ಆಚೆ ಬರ್ದಿದ್ರೆ ಮನುಷ್ಯ ಉಳೀತಾನಾ?”

“ಮಾತಾಡೋಕೆ ನನ್ ಯಂತ್ರ ಏನ್ ಅಡ್ಡ ಬಂತು?”

“ಈ ಇಂಗ್ಲೆಂಡಿನ ಜನಕ್ಕೆ ದೇವರು ಬಾಯಿ ಕೊಟ್ಟ, ಬೀಗ ಹಾಕ್ದ, ಬೀಗದ ಕೈ ತಗೊಂಡ್ಹೋಗಿ ಹವಾಮಾನದಲ್ಲಿಟ್ಟ. ‘ಏನ್ ಮಂಜು ಇವತ್ತು’ ಅಂತ ಶುರು ಮಾಡಿದ್ರೇನೇ ಇವರು ಎದೆ ಮಾತಿಗೆ ಬರೋದು. ಹೆಂಡತಿ ಸತ್ತೋನ ಮುಂದೆ ಕೂತು ‘ಎಂಥಾ ಒಳ್ಳೇ ದಿನ’ ಅನ್ನೋಕಾಗುತ್ತೇನೋ, ದಡ್ಡ?”

ಸುಧನ್ವ ನಕ್ಕುಬಿಟ್ಟ. ಆಮೇಲೆ ತಲೆ ಕೆರೆದುಕೊಂಡ.

“ನಾಳೆ ಪ್ರವಾಸಿಗರ ಬಸ್ಸು ಬರುತ್ತಲ್ಲ, ಚಿಕ್ಕಮ್ಮ?”

“ಬರ್ಲಿ. ಕಣಿವೆ ಎಲ್ಲಿಗೂ ಓಡ್ಹೋಗಲ್ಲ.”

ಮರುದಿನ ಸುಧನ್ವ ಯಂತ್ರ ಚಾಲೂ ಮಾಡಲಿಲ್ಲ. ಕಣಿವೆಯೆಂಬುದು ಇದೆಯೋ ಇಲ್ಲವೋ ಎಂಬಷ್ಟು ಮಂಜು. ದಾರಿ ಕಾಣದ ಬಸ್ಸಿನವರೆಲ್ಲ ಅಂಗಡಿಗೆ ನುಗ್ಗಿದರು. ಮೂಲೆಯಲ್ಲಿ ಅಂಬ್ರೋಸ್ ಗಂಟಲು ಸರಿಮಾಡಿಕೊಂಡ.

“ಮಂಜು ಸ್ವಲ್ಪ ಜಾಸ್ತಿ, ಅಲ್ವಾ?”

“ಹೂಂ. ಸ್ವಲ್ಪ.”

“ಹೋದ ವರ್ಷಕ್ಕಿಂತ ದಟ್ಟ.”

“ಹೌದು.” ವಿಲ್ಫ್ರೆಡ್ ಬಟ್ಟಲನ್ನು ತಿರುಗಿಸಿದ. “ಹಿಲ್ಡಾಗೆ... ಇಂಥ ದಿನ ಬಟ್ಟೆ ಒಣಗಲ್ಲ ಅಂತ ರೇಗೋದು. ಹೊಳೇನೇ ಬೈಯೋಳು.”

“ನನ್ನನ್ನೂ ಬೈಯೋಳಪ್ಪ.”

“ನಿನ್ನ ಜಾಸ್ತಿ ಬೈಯೋಳು,” ಎಂದು ವಿಲ್ಫ್ರೆಡ್ ನಗಲು ಹೋಗಿ, ಬಿಕ್ಕಿ ಬಿಕ್ಕಿ ಅತ್ತ. ಅಂಬ್ರೋಸ್ ಗೆಳೆಯನ ತೋಳು ಹಿಡಿದುಕೊಂಡು ಕೂತ. ತುಂಗಮ್ಮ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಮುಂದಿಟ್ಟಳು. ಅಳುತ್ತಲೇ ವಿಲ್ಫ್ರೆಡ್ ತಿಂದ.

ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ಅವಳು ಹಿತ್ತಲ ಬಾಗಿಲಿಗೆ ಬಂದಳು. ಮಂಜಿನೊಳಗೆ ಸುಧನ್ವ ತೊಟ್ಟಿಯ ಪಕ್ಕ ಬಗ್ಗಿದ್ದ. ಯಾರಿಗೂ ಹೇಳದೆ ಅವನು ತೂಬು ತೆಗೆದ. ಹೀರಿಟ್ಟ ನೀರೆಲ್ಲ, ಮತ್ತೆ ಮಂಜಾಗಲೆಂಬಂತೆ, ಸದ್ದಿಲ್ಲದೆ ಹೊಳೆಗೆ ಇಳಿಯಿತು.