ಹುಳುಮನೆಯ ಹೊಗೆ

ಮದ್ದೂರಿನ ಹೊಳೆಬದಿಯ ಸರ್ಕಾರಿ ಹುಳುಮನೆಯಲ್ಲಿ ರೇಷ್ಮೆ ಹುಳುಗಳೆಲ್ಲ ರಾತ್ರಿ ಬೆಳಗಾಗುವುದರೊಳಗೆ ಸತ್ತುಬಿದ್ದಿವೆ ಎಂಬ ಸುದ್ದಿ ತಂದವಳು ಮಹದೇವಮ್ಮ. ತಿರುಮಲಮ್ಮನವರ ಜಗುಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದ ಲಿಂಗಯ್ಯ ಅವಳ ಮುಖ ನೋಡಿದವನೇ ಲೋಟ ಕೆಳಗಿಟ್ಟ.

"ಅಮ್ಮಾವ್ರೇ, ನಮ್ಮೆಜಮಾನ್ರ ಕೆಲ್ಸ ಓಯ್ತದೆ. ನೀವು ಬರ್ಲೇಬೇಕು," ಎಂದು ಅವಳು ಕಂಬ ಹಿಡಿದು ನಿಂತಳು.

ತಿರುಮಲಮ್ಮನವರು ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಊರಿನಲ್ಲಿ ಬಿಂದಿಗೆ ಕಳುವಾದರೂ ಜನ ಪೊಲೀಸ್ ಠಾಣೆಗಿಂತ ಮೊದಲು ಅವರ ಮನೆಗೆ ಬರುತ್ತಿದ್ದರು. ಪಕ್ಕದ ಮನೆಯ ಲಿಂಗಯ್ಯನೋ ನಿವೃತ್ತ ದಫೇದಾರ. ಅವನು ಕಳ್ಳರನ್ನು ಹಿಡಿದದ್ದೆಲ್ಲ ಕಾಲಿನ ಬಲದಿಂದ. ಈಕೆ ಕೂತಲ್ಲೇ ಹಿಡಿಯುತ್ತಿದ್ದರು. ನ್ಯಾಯವಾಗಿ ಅವನಿಗೆ ಹೊಟ್ಟೆಕಿಚ್ಚು ಬರಬೇಕಿತ್ತು, ಬಂದದ್ದು ಭಕ್ತಿ.

ಮಹದೇವಮ್ಮನ ಗಂಡ ಕರಿಸಿದ್ದಯ್ಯ ಮಳವಳ್ಳಿ ಕಡೆಯವನು. ಯುದ್ಧದ ಕಾಲ, ಪ್ಯಾರಾಚೂಟಿಗೆಂದು ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ. ಹಾಗಾಗಿ ಹುಳುಮನೆಯಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಆದರೆ ಇನ್ನೂ ಪ್ರೊಬೇಷನ್. ಪ್ರೊಬೇಷನ್ ಎಂದರೆ ಗೊತ್ತಲ್ಲ, ಹೊಸ ಸೊಸೆಯ ಪಾಡು. ಖಾಯಂ ಆದವನನ್ನು ತೆಗೆಯಬೇಕಾದರೆ ಆಪಾದನೆ ಹೊರಿಸಬೇಕು, ವಿಚಾರಣೆ ನಡೆಸಬೇಕು. ಪ್ರೊಬೇಷನ್ನಿನವನಿಗೆ "ನೀನು ಬೇಡ" ಅಂದರೆ ಮುಗಿಯಿತು. ಅವನನ್ನು ಖಾಯಂ ಮಾಡಲು ಮಾರನೆಯ ದಿನವೇ ಮಂಡ್ಯದಿಂದ ಸಾಹೇಬರು ಬರುವವರಿದ್ದರು.

"ಸರ್ಕಾರಿ ಕೆಲ್ಸ ಸಿಕ್ತು ಅಂತ ಅವ್ರ ಪಾಲಿನ ಒಲ ತಮ್ಮಂದ್ರಿಗೆ ಬುಟ್ಕೊಟ್ಬುಟ್ರು ಅಮ್ಮಾವ್ರೇ. ಈಗ ಯಾವ ಮುಖ ಒತ್ಕಂಡು ಊರಿಗೋಗೋದು?"

ತಿರುಮಲಮ್ಮನವರು ಸೆರಗು ಹೊದ್ದು ಎದ್ದೇಬಿಟ್ಟರು.

ಹುಳುಮನೆಯ ಮೆಟ್ಟಿಲ ಮೇಲೆ ಕರಿಸಿದ್ದಯ್ಯ ತಲೆ ಬಗ್ಗಿಸಿ ಕೂತಿದ್ದ. ರೇಷ್ಮೆ ಇನ್ಸ್‌ಪೆಕ್ಟರ್ ವೆಂಕಟೇಶಮೂರ್ತಿ ಮರ್ಯಾದಸ್ಥರು, ಕುರ್ಚಿ ಕೊಟ್ಟು ಮಾತಾಡಿಸಿದರು.

"ನೋಡಿ ಅಮ್ಮ, ಈ ಹುಳುವಿಗೆ ಹೊಗೆಸೊಪ್ಪಿನ ಗಾಳಿ ಆಗುವುದಿಲ್ಲ. ಇವನಿಗೆ ಬೀಡಿ ಚಟ. ಬೆಳಿಗ್ಗೆ ಬಾಗಿಲು ತೆಗೆದರೆ ಕೋಣೆ ತುಂಬ ಹೊಗೆಯ ನಾತ, ಮೂಲೆಯಲ್ಲಿ ಮೋಟು ಬೀಡಿ. ಬೀಗದ ಕೈ ಇರುವುದು ಇವನ ಹತ್ತಿರ, ಇನ್ನೊಂದು ನನ್ನ ಹತ್ತಿರ. ನಾನು ಬೀಡಿ ಮುಟ್ಟಿದವನಲ್ಲ, ಊರಿಗೇ ಗೊತ್ತು."

"ಚಟ ಇದ್ದುದ್ ನಿಜ. ಈ ಕೆಲ್ಸಕ್ ಸೇರ್ದಾಗ್ಲೇ ಬುಟ್ಟೆ," ಎಂದ ಕರಿಸಿದ್ದಯ್ಯ. "ಉಳ ಸಾಕೋ ಕೈಲಿ ಬೀಡಿ ಇಡಿಯೋಕಾಯ್ತದಾ ಅಣ್ಣ?"

"ಸಿಕ್ಕಾಕೊಂಡೋರೆಲ್ಲ ಇಂಗೇ ಅನ್ನೋದು ಕಣ್ಲಾ," ಎಂದ ಲಿಂಗಯ್ಯ. ಅವನ ಲೆಕ್ಕದಲ್ಲಿ ಕೇಸು ಆಗಲೇ ಮುಗಿದಿತ್ತು. ಆದರೂ ಹಳೇ ಅಭ್ಯಾಸ ನೋಡಿ, ಒಳಗೆ ಹೋಗಿ ಮೂಲೆಯಿಂದ ಒಂದು ಮೋಟು ಬೀಡಿ ಎತ್ತಿಕೊಂಡು ತಿರುಗಿಸಿ ನೋಡಿದ. ಬಾಯಿಗಿಡುವ ತುದಿ ಅಂಗಡಿಯಿಂದ ಈಗ ತಂದ ಹಾಗೆ ಗಟ್ಟಿಯಾಗಿತ್ತು. ಅವನು ಹುಬ್ಬು ಗಂಟಿಕ್ಕಿ ಅದನ್ನು ಜೇಬಿಗೆ ಹಾಕಿಕೊಂಡ.

ತಿರುಮಲಮ್ಮನವರೂ ಒಳಗೆ ಹೋದರು. ಚಳಿಗೆ ಹುಳುವಿಗೆ ಬೆಚ್ಚಗಿರಲೆಂದು ಇಡುವ ಅಗ್ಗಿಷ್ಟಿಕೆಯ ಬೂದಿಯನ್ನು ಕಡ್ಡಿಯಿಂದ ಕೆದಕಿದರು, ಒಂದಿಷ್ಟು ಎತ್ತಿ ಮೂಸಿದರು. ಹಿತ್ತಲಲ್ಲಿ ಜವಾನ ಸಣ್ಣಯ್ಯ ಬಿದಿರಿನ ತಟ್ಟೆಗಳನ್ನು ತೊಳೆಯುತ್ತಿದ್ದ. ಅವನ ಕೈ ಮೊಣಕೈವರೆಗೆ ಬೆಳ್ಳಗಿತ್ತು.

"ಸತ್ತ ಹುಳು ಎಲ್ಲಪ್ಪ?"

"ಗುಂಡಿ ತೋಡ್ಸಿ, ಸುಣ್ಣ ಆಕ್ಸಿ ಮುಚ್ಚಿಸ್ಬುಟ್ರು ಇನ್ಸ್‌ಪೆಕ್ಟ್ರು. ತಟ್ಟೆಗೂ ಸುಣ್ಣ ಬಳಿ ಅಂದವ್ರೆ."

ತಿರುಮಲಮ್ಮನವರು ಅವನ ಬೆಳ್ಳಗಿನ ಕೈಯನ್ನು ಇನ್ನೊಮ್ಮೆ ನೋಡಿದರು. ಹೊರಗೆ ಬಂದು ಕರಿಸಿದ್ದಯ್ಯನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. "ಹುಳು ಹೇಗಿದ್ದವು, ಸತ್ಯ ಹೇಳು."

"ಸಮ ಬೆಳೀತಿರ್ಲಿಲ್ಲ ಅಮ್ಮಾವ್ರೇ. ಮೊನ್ನೆ ಇನ್ಸ್‌ಪೆಕ್ಟ್ರಿಗೆ ಏಳ್ದೆ. ನೋಡಾನ ಬುಡು ಅಂದ್ರು."

"ಇದೇ ಮೊಟ್ಟೆ ಬೇರೆ ಯಾರಿಗಾದರೂ ಕೊಟ್ಟಿದ್ದೀರಾ?"

"ಗೆಜ್ಜಲಗೆರೆ ಚಿಕ್ಕನಂಜಮ್ಮಂಗೆ."

ಜಟಕಾದಲ್ಲಿ ಗೆಜ್ಜಲಗೆರೆಗೆ ಹೋದರೆ ಚಿಕ್ಕನಂಜಮ್ಮ ಬಾಗಿಲಿಗೆ ಅಡ್ಡ ನಿಂತಳು. ಹುಳು ಸಾಕುವ ಮನೆ, ಕಂಡಕಂಡವರನ್ನು ಒಳಗೆ ಬಿಡುವುದುಂಟೇ? ತಿರುಮಲಮ್ಮನವರಿಗೆ ಕಾಲು ತೊಳೆಯಲು ನೀರು ಕೊಟ್ಟಳು. ಲಿಂಗಯ್ಯನ ಹತ್ತಿರ ಬಂದು ಮೂಗು ಮುಚ್ಚಿಕೊಂಡಳು.

"ನಿನ್ತಾವ ಬೀಡಿ ನಾತ ಒಡೀತದೆ. ನೀನು ಬೀದೀಲೇ ಕೂತ್ಕೊಳಪ್ಪ."

ದಫೇದಾರನಾಗಿ ಎಷ್ಟೋ ಮನೆ ನುಗ್ಗಿದವನು ಬೀದಿಯಲ್ಲೇ ಕೂತ. ಒಳಗಿನಿಂದ ಅವಳ ಗೋಳು ಕೇಳಿಸುತ್ತಿತ್ತು. "ಒಂದ್ ದಪ್ಪ, ಒಂದ್ ಸಣ್ಣ. ಮೈಮೇಲೆ ಮೆಣಸು ಚೆಲ್ದಂಗೆ ಕರೀ ಚುಕ್ಕಿ. ಯಾರ ಕಣ್ಣು ಬಿತ್ತೋ ಕಣಮ್ಮ." ತಿರುಮಲಮ್ಮನವರು ಕೆಲವು ಹುಳುಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಬಂದರು. "ನಾಳೆಯವರೆಗೆ ಈ ಸೊಪ್ಪು, ಈ ತಟ್ಟೆ ಬೇರೆ ಮನೆಗೆ ಕೊಡಬೇಡ," ಎಂದು ಅವಳಿಗೆ ಒತ್ತಿ ಹೇಳಿದರು.

ಮಾರನೆಯ ದಿನ ಸಾಹೇಬರು ಹುಳುಮನೆಯ ಪಡಸಾಲೆಯಲ್ಲಿ ಕೂತರು. ಸುತ್ತ ಇನ್ಸ್‌ಪೆಕ್ಟರು, ಸಣ್ಣಯ್ಯ, ಬಾಗಿಲ ಬಳಿ ಗಂಡಹೆಂಡಿರು. ತಿರುಮಲಮ್ಮನವರು ತರಗತಿಯಲ್ಲಿ ಪಾಠ ಶುರು ಮಾಡುವವರಂತೆ ಎದ್ದು ನಿಂತರು.

"ಮೊದಲು ಹೊಗೆಯ ವಿಷಯ. ಲಿಂಗಯ್ಯನವರೇ, ನಿಮ್ಮ ಜೇಬಿನಲ್ಲಿರುವುದನ್ನು ತೋರಿಸಿ."

ತಾನು ಬೀಡಿ ಎತ್ತಿಕೊಂಡದ್ದನ್ನು ಈಕೆ ಯಾವಾಗ ನೋಡಿದರೋ ಲಿಂಗಯ್ಯನಿಗೆ ತಿಳಿಯಲಿಲ್ಲ. "ಸೇದಿದ್ ಬೀಡಿ ತುದಿ ನೆಂದು ಚಪ್ಪಟೆ ಆಯ್ತದೆ ಬುದ್ಧಿ. ಇದು ತುಟೀನೇ ಕಂಡಿಲ್ಲ. ಸುಟ್ಟು ಮೂಲೇಗೆ ಎಸ್ದವ್ರೆ."

"ಸೇದದಿದ್ದರೆ ಬೀಡಿ ಆರಿಹೋಗುತ್ತದೆ, ಕೋಣೆ ತುಂಬುವಷ್ಟು ಹೊಗೆ ಬರುವುದಿಲ್ಲ," ಎಂದು ತಿರುಮಲಮ್ಮನವರು ಮುಂದುವರಿಸಿದರು. "ಅಗ್ಗಿಷ್ಟಿಕೆಯ ಬೂದಿಯಲ್ಲಿ ಹೊಗೆಸೊಪ್ಪಿನ ನಾರು ಸಿಕ್ಕಿತು. ಕೆಂಡದ ಮೇಲೆ ಸೊಪ್ಪು ಸುರಿದು ಬಾಗಿಲು ಹಾಕಿದ್ದಾರೆ. ಬೀಗ ಒಡೆದಿಲ್ಲ, ಬೀಗದ ಕೈ ಇರುವವರು ಇಬ್ಬರೇ. ಕರಿಸಿದ್ದಯ್ಯ ತನ್ನ ಮೇಲೇ ಬರಲೆಂದು ಬೀಡಿ ಎಸೆಯುತ್ತಾನೆಯೇ?"

"ನನ್ನ ಹುಳುವನ್ನು ನಾನೇ ಕೊಲ್ಲುತ್ತೇನೆಯೇ ಅಮ್ಮ?" ಎಂದರು ವೆಂಕಟೇಶಮೂರ್ತಿ.

"ಅದು ನನ್ನನ್ನೂ ಕಾಡಿತು. ಉತ್ತರ ಸಣ್ಣಯ್ಯನ ಕೈಯಲ್ಲಿತ್ತು. ಹುಳು ಹಣ್ಣಾಗಿ ಗೂಡು ಕಟ್ಟುವ ಕಾಲಕ್ಕೆ ನನ್ನ ಶಾಲೆ ಖಾಲಿಯಾಗುತ್ತಿತ್ತು, ಮಕ್ಕಳನ್ನು ಕರೆಯಲು ಮನೆಮನೆಗೆ ಹೋಗಿ ಈ ಕಸುಬು ನೋಡಿದವಳು ನಾನು. ಹೊಗೆಗೆ ಸತ್ತ ಹುಳು ತಿಪ್ಪೆಗೆ ಹೋಗುತ್ತದೆ. ಸುಣ್ಣ ಹಾಕಿ ಹೂಳುವುದು, ತಟ್ಟೆಗೆ ಸುಣ್ಣ ಬಳಿಯುವುದು ಅಂಟುರೋಗದ ಹುಳುವಿಗೆ. ಈ ಕಸುಬಿನವರಿಗೆ ಅದು ಉಸಿರಾಡಿದಷ್ಟು ರೂಢಿ. ಮೂರ್ತಿಗಳು ಯೋಚಿಸದೆ ಹಾಗೇ ಮಾಡಿಸಿಬಿಟ್ಟರು. ರೋಗ ಇತ್ತೆಂದು ಅವರಿಗೆ ಮೊದಲೇ ಗೊತ್ತಿತ್ತು."

ಡಬ್ಬಿ ಸಾಹೇಬರ ಮುಂದಿಟ್ಟರು. ಸಾಹೇಬರು ಚಿಕ್ಕನಂಜಮ್ಮನ ಹುಳುವನ್ನು ಅರೆದು ಇನ್ಸ್‌ಪೆಕ್ಟರ ಮೇಜಿನ ಸೂಕ್ಷ್ಮದರ್ಶಕದಲ್ಲೇ ನೋಡಿದರು. "ಗಂಟುರೋಗ," ಎಂದರು.

"ಸಾಕುವವನ ತಪ್ಪಿನಿಂದ ಬಂದದ್ದಲ್ಲ ಅದು, ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿದದ್ದು," ಎಂದರು ತಿರುಮಲಮ್ಮನವರು. "ಚಿಟ್ಟೆಯನ್ನು ಪರೀಕ್ಷಿಸಿ ಮೊಟ್ಟೆ ಕೊಡುವುದು ಇನ್ಸ್‌ಪೆಕ್ಟರ ಹೊಣೆ. ಇವತ್ತು ನೀವು ಬಂದು ಹುಳು ನೋಡಿದ್ದರೆ ಅವರ ಕುತ್ತಿಗೆಗೆ ಬರುತ್ತಿತ್ತು. ಖಾಯಂ ನೌಕರನ ಮೇಲೆ ಹೊರಿಸಿದರೆ ವಿಚಾರಣೆ, ಸತ್ತ ಹುಳುವಿನ ಪರೀಕ್ಷೆ. ಪ್ರೊಬೇಷನ್ನಿನವನಾದರೆ ಒಂದೇ ಮಾತಿಗೆ ಮನೆಗೆ, ಗುಂಡಿ ತೋಡಿ ನೋಡುವವರು ಯಾರು?"

ವೆಂಕಟೇಶಮೂರ್ತಿ ಕೊನೆಗೆ ಬಾಯಿ ಬಿಟ್ಟರು. "ಮೊಟ್ಟೆ ಬೇಗ ಕಳಿಸು ಎಂದು ಮೇಲಿನಿಂದ ಒತ್ತಾಯ. ಎಲ್ಲ ಚಿಟ್ಟೆ ನೋಡಲಾಗಲಿಲ್ಲ, ನೋಡಿದೆ ಎಂದೆ. ಇವನಿನ್ನೂ ಚಿಕ್ಕವನು, ಬೇರೆ ಕೆಲಸ ಸಿಗುತ್ತದೆ ಅಂದುಕೊಂಡೆ."

"ಸಿಗ್ತಿರ್ಲಿಲ್ಲ ಸ್ವಾಮಿ," ಎಂದಳು ಮಹದೇವಮ್ಮ.

ಲಿಂಗಯ್ಯನಿಗೆ ಎದೆ ತುಂಬಿ ಬಂತು. ಇಂಥ ತಲೆಯ ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತೇನಲ್ಲ, ಇದಕ್ಕಿಂತ ದೊಡ್ಡ ಪಿಂಚಣಿ ಯಾವುದು ಎಂದುಕೊಂಡ.

"ಎಲ್ಲಿ ಆ ಕರಿಸಿದ್ದಯ್ಯ?" ಎಂದರು ಸಾಹೇಬರು. ಬಾಗಿಲ ಬಳಿ ಅವನಿರಲಿಲ್ಲ.

"ಗಂಟುರೋಗ ಅಂದೇಟ್ಗೆ ಸೈಕಲ್ ಅತ್ಬುಟ್ಟ ಬುದ್ಧಿ," ಎಂದ ಸಣ್ಣಯ್ಯ. "ಚಿಕ್ಕನಂಜಮ್ಮನ ಉಳ ಈಗ್ಲೇ ತೆಗೀದಿದ್ರೆ ಅಳ್ಳಿಗೆಲ್ಲಾ ಅಂಟ್ತದೆ ಅಂತ."

"ಕೆಲಸ ಉಳಿಯಿತೋ ಹೋಯಿತೋ ಕೇಳಿಕೊಂಡು ಹೋಗಲಿಲ್ಲವೇ?"

"ಇಲ್ಲ ಬುದ್ಧಿ."

ಸಾಹೇಬರು ತಿರುಮಲಮ್ಮನವರ ಕಡೆ ನೋಡಿದರು. "ಇನ್ನು ಅವನಲ್ಲಿ ಪರೀಕ್ಷಿಸಿ ನೋಡುವುದು ಏನೂ ಉಳಿದಿಲ್ಲ. ಇವತ್ತಿನಿಂದ ಖಾಯಂ."

ಲಿಂಗಯ್ಯ ಜಟಕಾ ಹೂಡಿಸಿ ಮಹದೇವಮ್ಮನನ್ನು ಕೂರಿಸಿಕೊಂಡು ಹೊರಟ. ಗೆಜ್ಜಲಗೆರೆಯಲ್ಲಿ ಚಿಕ್ಕನಂಜಮ್ಮ ಅಳುತ್ತಿದ್ದಳು. ಕರಿಸಿದ್ದಯ್ಯ ಹಿತ್ತಲಲ್ಲಿ ಗುಂಡಿ ತೋಡುತ್ತ, ಒಳ್ಳೇ ಮೊಟ್ಟೆ ತಾನೇ ತಂದುಕೊಡುತ್ತೇನೆಂದು ಅವಳನ್ನು ಸಮಾಧಾನ ಮಾಡುತ್ತಿದ್ದ.

"ಖಾಯಂ ಆಯ್ತು ಕಣ್ಲಾ," ಎಂದ ಲಿಂಗಯ್ಯ.

ಕರಿಸಿದ್ದಯ್ಯ ಗುದ್ದಲಿ ಬಿಟ್ಟು ಅಲ್ಲೇ ಕುಕ್ಕರಿಸಿದ. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಒರೆಸಿಕೊಳ್ಳೋಣವೆಂದರೆ ಎರಡು ಕೈಯೂ ಮಣ್ಣು. ಮಹದೇವಮ್ಮ ಸೆರಗಿನಿಂದ ಅವನ ಮುಖ ಒರೆಸಿದಳು.